ಐದನೇ ಸಿಲಿಂಡರಿನ ಬಡಿತ

ಸ್ಟಿಡಮ್ ಮನೆತನದವರು ಕಿವಿಯಿಂದ ಬದುಕಿದವರು. ಮುತ್ತಜ್ಜ ಗ್ರೀನ್ ಸ್ಟಿಡಮ್ ಮರದ ದಿಮ್ಮಿಗಳನ್ನು ತೆಪ್ಪವಾಗಿ ಬಿಗಿದು ಕೆಂಟಕಿ ನದಿಯಲ್ಲಿ ತೇಲಿಸಿಕೊಂಡು ಹೋಗುತ್ತಿದ್ದ ಆಳು. ಮೇಲಿನ ಗುಡ್ಡಗಳಲ್ಲಿ ಎಲ್ಲೋ ಮಳೆ ಹೊಡೆದರೆ, ನೀರು ಒಂದು ಬೆರಳೂ ಏರುವ ಮೊದಲೇ, ಹೊಳೆಯ ತಳದಲ್ಲಿ ಕಲ್ಲುಗಳು ಹೊರಳುವ ಸದ್ದು ಅವನಿಗೆ ಸಿಕ್ಕಿಬಿಡುತ್ತಿತ್ತು. ತೆಪ್ಪವನ್ನು ದಡಕ್ಕೆ ಕಟ್ಟಿಸಿ ಕಾಯುತ್ತಿದ್ದ. ಅವನ ಜೊತೆ ಹೋದವರಲ್ಲಿ ಒಬ್ಬನೂ ನೀರುಪಾಲಾಗಲಿಲ್ಲ. ಅವನ ಮಗ ಜ್ಯಾಸ್ಪರ್ ಕಲ್ಲಿದ್ದಲ ಗಣಿಗೆ ಇಳಿದ. ತೋಳುದ್ದದ ಹಿಕರಿ ಮರದ ಕೋಲೊಂದು ಸದಾ ಅವನ ಕೈಯಲ್ಲಿರುತ್ತಿತ್ತು. ಅದರ ತುದಿಯಿಂದ ಗಣಿಯ ಸೂರನ್ನು ತಟ್ಟುವನು. ಗಟ್ಟಿ ಬಂಡೆ ಗಂಟೆಯಂತೆ ಟಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯಂತೆ ಬೊದ್ದೆನ್ನುತ್ತದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದ ಹನ್ನೊಂದು ಜನರನ್ನು ತಾಯಿ ತಂದೆ ಎತ್ತಿ ಬೈದು ಹೊರಗಟ್ಟಿದ. ಅವರು ಬೆಳಕಿಗೆ ಬಂದು ಉಸಿರು ಬಿಡುವಷ್ಟರಲ್ಲಿ ಒಳಗೆ ಸೂರು ಕುಸಿಯಿತು. ಹನ್ನೊಂದು ಊಟದ ಡಬ್ಬಿಗಳು ಇವತ್ತಿಗೂ ಆ ಬಂಡೆಗಳ ಅಡಿಯಲ್ಲೇ ಇವೆ.

ಜ್ಯಾಸ್ಪರನ ಮಗ ಕ್ಲೇಬ್ ಕಲ್ಲಿದ್ದಲ ಲಾರಿ ಓಡಿಸಿದವನು. ಒಮ್ಮೆ ಬೆಟ್ಟದ ನಡುವೆ ಇಂಜಿನ್ನಿನ ಒಳಗೆ ಬೇರಿಂಗೊಂದು ಸವೆದು ಬಡಿಯತೊಡಗಿತು. ಯಾವುದೆಂದು ಕಿವಿಯಲ್ಲೇ ಗುರುತಿಸಿ, ದಾರಿ ಬದಿಯಲ್ಲೇ ಲಾರಿಯ ಕೆಳಗೆ ಮಲಗಿ ಬಿಚ್ಚಿದ. ಸೊಂಟದ ಚರ್ಮದ ಬೆಲ್ಟನ್ನು ಕತ್ತರಿಸಿ ಬೇರಿಂಗಿನ ಜಾಗದಲ್ಲಿ ಸುತ್ತಿ ಬಿಗಿದು, ಹನ್ನೆರಡು ಮೈಲಿ ಓಡಿಸಿಕೊಂಡು ಮನೆಗೆ ಬಂದ. ಲಾರಿಯಿಂದ ಇಳಿಯುವಾಗ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟು. ಸ್ಲೇಟ್ ಫೋರ್ಕ್ ಕಣಿವೆಯಲ್ಲಿ ಈ ಕಥೆ ಹೇಳಿ ನಗದವರಿಲ್ಲ.

ಈ ಕ್ಲೇಬನ ಮಗ ಹೋಬರ್ಟ್. ಅಜ್ಜನ ಕೋಲು ಅವನಿಗೆ ಬಂತು, ಕಿವಿಯೂ ಬಂತು. ಕೋಲಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿದನೆಂದರೆ ವಾಲ್ವೋ, ಪಿಸ್ಟನ್ನೋ, ಪಂಪೋ, ಹೆಸರು ಹಿಡಿದು ಹೇಳುವನು. ಮೂರು ತಾಲ್ಲೂಕಿನವರು ಹಳೆ ಗಾಡಿ ಕೊಳ್ಳಲು ಹೋಗುವಾಗ ಹೋಬರ್ಟನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಕೂಲಿಯೆಂದರೆ ಸೇಬು ಕಾಸಿ ಮಾಡಿದ ಪಾಕದ ಒಂದು ಬಾಟಲಿಯೋ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ತುಂಡೋ. ದುಡ್ಡು ಕೊಡಲು ಬಂದವರನ್ನು ಬೈದು ಕಳಿಸುತ್ತಿದ್ದ.

ಆದರೆ ಅವನೂ ಹೊಟ್ಟೆಪಾಡಿಗೆ ಗಣಿಗೇ ಇಳಿಯಬೇಕಾಯಿತು. ಮೂವತ್ತೊಂದು ವರ್ಷ, ಬಂಡೆಯ ಸೂರಿಗೆ ರಂಧ್ರ ಕೊರೆಯುವ ಯಂತ್ರದ ಪಕ್ಕದಲ್ಲಿ. ಸೂರು ಯಾರ ತಲೆಯ ಮೇಲೂ ಬೀಳಲಿಲ್ಲ, ಕಿವಿ ಮಾತ್ರ ಹೋಯಿತು. ಮೊದಲು ಹಕ್ಕಿಗಳು ಹೋದವು, ಆಮೇಲೆ ಮಳೆ, ಆಮೇಲೆ ಹೆಂಡತಿಯ ಮಾತು. ಅರವತ್ತೊಂಬತ್ತು ವಯಸ್ಸಾಗುವ ಹೊತ್ತಿಗೆ ಉಳಿದದ್ದು ನೀರೊಳಗೆ ಮುಳುಗಿದಾಗ ಕೇಳುವಂಥ ಒಂದು ಗುಂಯ್ ಸದ್ದು ಅಷ್ಟೆ.

ಇದು ಗೊತ್ತಿದ್ದವಳು ಹೆಂಡತಿ ಲುವೀನಾ ಒಬ್ಬಳೇ. ಫೋನು ಅವಳೇ ಎತ್ತುವಳು. ಯಾರಾದರೂ ಬಂದರೆ ಅವರ ಬೆನ್ನ ಹಿಂದೆ ನಿಂತು, ಅವರಾಡಿದ್ದನ್ನು ತನ್ನ ತುಟಿಯಲ್ಲಿ ಸದ್ದಿಲ್ಲದೆ ಆಡಿ ತೋರಿಸುವಳು. ಗಾಡಿಗಳನ್ನು ಜನ ಹೋಬರ್ಟನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅವರು ಹೋದ ಮೇಲೆ ಅವನು ಬಾಗಿಲು ಹಾಕಿ, ಅಜ್ಜನ ಕೋಲನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಅದು ಕೇಳಿಸುವುದಲ್ಲ, ಹಲ್ಲಿನ ಬೇರಿಗೆ ಬಂದು ತಾಗುವುದು. ಅಷ್ಟು ಸಾಕಾಗುತ್ತಿತ್ತು. ಗಾಡಿ ಕೊಳ್ಳಲು ಹೊರಗೆ ಕರೆದರೆ ಮಾತ್ರ ಸೊಂಟ ನೋವೆಂದೋ ಜ್ವರವೆಂದೋ ಎರಡು ವರ್ಷದಿಂದ ತಪ್ಪಿಸಿಕೊಳ್ಳುತ್ತ ಬಂದಿದ್ದ.

ಆ ಮಾರ್ಚ್ ತಿಂಗಳಲ್ಲಿ ಅವನ ಸ್ವಂತ ಪಿಕಪ್ಪಿನ ಅಡಿಚೌಕಟ್ಟು ತುಕ್ಕು ತಿಂದು, ನೀರು ತುಂಬಿದ ಟ್ಯಾಂಕಿನ ಭಾರಕ್ಕೆ ನಡುವೆ ಮುರಿದು ಕುಳಿತಿತ್ತು. ಮೇಲಿನ ಗುಡ್ಡಕ್ಕೆ ಕಲ್ಲಿದ್ದಲಿಗಾಗಿ ಸಿಡಿಮದ್ದು ಇಟ್ಟ ಮೇಲೆ ಆ ಕಣಿವೆಯ ಬಾವಿಗಳೆಲ್ಲ ಕೆಂಪಾಗಿವೆ, ಕೊಳೆತ ಮೊಟ್ಟೆಯ ನಾತ. ಕುಡಿಯಲು, ಬೇಯಿಸಲು, ಮೀಯಲು ಒಂಬತ್ತು ಮೈಲಿ ಆಚೆ ಊರಿನ ಅಗ್ನಿಶಾಮಕದವರ ನಲ್ಲಿಯಿಂದ ಹೊತ್ತು ತರಬೇಕು. ಗಾಡಿ ಇಲ್ಲದ ಮನೆಯೆಂದರೆ ನೀರಿಲ್ಲದ ಮನೆ. ನೆರೆಯವನಾದ ರಾನ್ಸಮ್ ಏಳು ವಾರ ತನ್ನ ಗಾಡಿಯಲ್ಲಿ ಇವರಿಗೂ ನೀರು ತಂದು ಹಾಕಿದ. ಅವನು ಒಂದು ಮಾತೂ ಆಡಲಿಲ್ಲ, ಮುಖ ಸಿಂಡರಿಸಲಿಲ್ಲ. ಹೋಬರ್ಟನಿಗೆ ಮಾತ್ರ ಆ ನೀರಿನಲ್ಲಿ ಕಾಸಿದ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ: ತನ್ನ ಮನೆಯ ನೀರನ್ನು ತಾನೇ ತರುವುದು.

ಎರಡು ವರ್ಷ ಕಾಡು ಸುತ್ತಿ ಅಗೆದ, ಔಷಧಿಗೆ ಹೋಗುವ ಜಿನ್‌ಸೆಂಗ್ ಬೇರು ಮಾರಿದ ಒಂಬೈನೂರು ಡಾಲರು ಹಿಟ್ಟಿನ ಡಬ್ಬಿಯಲ್ಲಿತ್ತು. ಆಚೆ ಕಣಿವೆಯ ಡೆಂಜಿಲ್ ಗೇಹಾರ್ಟ್ ಅಷ್ಟೇ ಬೆಲೆಗೆ ಆರು ಸಿಲಿಂಡರಿನ ಹಳೆ ಪಿಕಪ್ಪೊಂದನ್ನು ಮಾರಾಟಕ್ಕೆ ಇಟ್ಟಿದ್ದ.

"ನಾನೂ ಬರ್ತೀನಿ," ಎಂದಳು ಲುವೀನಾ, ಅವನ ಮುಖಕ್ಕೆ ಮುಖ ಕೊಟ್ಟು. "ಸುಮ್ನೆ ಗಾಡಿ ಪಕ್ಕ ನಿಂತಿರ್ತೀನಿ. ಏನಾದ್ರೂ ಸದ್ದು ಕೇಳಿಸಿದ್ರೆ ನಿನ್ನ ಕೈ ಚಿವುಟ್ತೀನಿ."

"ಇಂಜಿನ್ ಕೇಳೋಕೆ ಹೋಬರ್ಟ್ ಹೆಂಡ್ತೀನ ಕರ್ಕೊಂಡು ಬಂದ ಅಂತ ಮೂರು ತಾಲ್ಲೂಕು ಆಡ್ಕೊಳ್ಳಲಿ ಅಂತಾನಾ?"

"ಆಡ್ಕೊಂಡ್ರೆ ನಿನಗೇನು? ಹೆಂಗೂ ಕೇಳಿಸಲ್ವಲ್ಲ!"

ಅವನು ನಕ್ಕ. ಆದರೂ ಅವಳನ್ನು ಬಿಟ್ಟೇ ಹೋದ. ರಾನ್ಸಮ್ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ.

ಆ ಕಣಿವೆಗಳಲ್ಲಿ ಹಳೆ ಗಾಡಿ ಮಾರುವುದಕ್ಕೆ ಒಂದು ಕ್ರಮವಿದೆ. ಮಾರುವವನು ಇಂಜಿನ್ ಚಾಲು ಮಾಡಿ, ಬಾನೆಟ್ಟು ಎತ್ತಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಕೇಳುವವನು ಕೇಳುತ್ತಿರುವಾಗ ಯಾರೂ ಬಾಯಿ ಬಿಡಬಾರದು. ಅವನು ಹೇಳಿದ ದೋಷದ ಮೇಲೆ ಬೆಲೆ ಇಳಿಯುತ್ತದೆ. ಹೇಳದೆ ಬಿಟ್ಟದ್ದಕ್ಕೆ ಮಾರಿದವನು ಹೊಣೆಯಲ್ಲ. ಮಾರುವವನೇ ಮುಂದಾಗಿ ದೋಷ ಹೇಳಿದರೆ ಕೇಳುವವನ ಕಿವಿಗೆ ಉಗಿದಂತೆ.

"ನಿಮಗೆ ನಾನೇನು ಹೇಳ್ಲಿ ಹೋಬರ್ಟ್ ಮಾಮ?" ಎಂದ ಡೆಂಜಿಲ್. ಐವತ್ತರ ಗಂಡಸು, ಹುಡುಗನಂತೆ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಗಾಡಿ ಐತೆ, ನೀವಿದ್ದೀರಿ. ಕೇಳಿ." ಇಂಜಿನ್ ಚಾಲು ಮಾಡಿ ಹತ್ತು ಹೆಜ್ಜೆ ಹಿಂದೆ ಹೋದ. ರಾನ್ಸಮ್ ಅವನ ಪಕ್ಕ ನಿಂತ.

ಹೋಬರ್ಟ್ ಕೋಲಿಟ್ಟು ಕಣ್ಣು ಮುಚ್ಚಿದ. ಗುಂಯ್ ಎಂದಿತು. ಕೋಲು ಸರಿಸಿದ. ಗುಂಯ್. ಕೈಯಿಂದ ಆಕ್ಸಿಲರೇಟರ್ ತಂತಿ ಎಳೆದು ವೇಗ ಏರಿಸಿದ, ಇಳಿಸಿದ. ಗುಂಯ್ ಸ್ವಲ್ಪ ದಪ್ಪವಾಯಿತು, ಸ್ವಲ್ಪ ತೆಳುವಾಯಿತು. ಅಂಗೈ ಇಟ್ಟು ನೋಡಿದ. ಆರು ಸಿಲಿಂಡರಿನ ಹಳೆ ಇಂಜಿನ್ನು ಹೇಗೂ ನಡುಗುತ್ತದೆ, ಆ ನಡುಕದಲ್ಲಿ ಮತ್ತೇನೂ ತಿಳಿಯಲಿಲ್ಲ. ಹೊಗೆ ನೋಡಿದ, ಬಿಳಿಯೂ ಇಲ್ಲ ನೀಲಿಯೂ ಇಲ್ಲ. ಆಯಿಲ್ ಕಡ್ಡಿ ಎಳೆದು ಮೂಸಿದ, ಸುಟ್ಟ ವಾಸನೆಯಿಲ್ಲ. ಆ ಕೋಲನ್ನು ಒಂದು ಗಳಿಗೆ ಹಲ್ಲಿಗೆ ಕೊಟ್ಟಿದ್ದರೆ ಮುಗಿದಿತ್ತು. ಆದರೆ ಇಬ್ಬರು ಗಂಡಸರ ಎದುರು ಕೋಲು ಕಚ್ಚುವುದೆಂದರೆ ತಾನು ಕಿವುಡನೆಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದಂತೆ.

ಕಣ್ಣು ತೆರೆದು ಇಬ್ಬರ ಮುಖ ನೋಡಿದ. ಇಬ್ಬರೂ ಅವನನ್ನೇ ನೋಡುತ್ತಿದ್ದರು, ಏನೋ ಕಾಯುತ್ತಿರುವವರಂತೆ. ಜನ ತನ್ನನ್ನು ನಲವತ್ತು ವರ್ಷದಿಂದ ಹೀಗೇ ನೋಡಿದ್ದಾರೆ ಎಂದುಕೊಂಡ.

"ಸರಿ," ಎಂದ. ಅಂಗಿಯ ಜೇಬಿನಿಂದ ದುಡ್ಡು ತೆಗೆದು ಅಷ್ಟನ್ನೂ ಡೆಂಜಿಲನ ಕೈಗಿಟ್ಟ.

ಡೆಂಜಿಲ್ ದುಡ್ಡು ನೋಡಿದ, ಗಾಡಿ ನೋಡಿದ, ರಾನ್ಸಮನ ಮುಖ ನೋಡಿದ. "ಅಷ್ಟೂನಾ, ಮಾಮ? ಏನೂ ಹೇಳೋದಿಲ್ವಾ?"

ತುಟಿ ಓದಿದ ಹೋಬರ್ಟ್, "ಹೇಳೋಂಥದ್ದು ಏನೈತೆ?" ಎಂದು ಬಾನೆಟ್ಟು ಮುಚ್ಚಿದ.

ಮನೆಯ ದಾರಿಯಲ್ಲಿ ಅವನಿಗೆ ಎಷ್ಟೋ ದಿನದ ಮೇಲೆ ಹಗುರವೆನಿಸಿತು. ಗಾಡಿ ಏರು ಚೆನ್ನಾಗಿ ಎಳೆಯಿತು. ಆಯಿಲ್ ಒತ್ತಡ ತೋರಿಸುವ ಮುಳ್ಳು ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಗಾಜಿಗೆ ಬೆರಳಲ್ಲಿ ತಟ್ಟಿದ, ಮುಳ್ಳು ಅಲ್ಲಾಡಲಿಲ್ಲ. ಹಳೆ ಮುಳ್ಳು, ನಂಬುವಂಥದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಲುವೀನಾ ಬಟ್ಟೆ ಒಣಹಾಕುತ್ತಿದ್ದಳು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಅವಳು ಕೈಯಲ್ಲಿದ್ದ ದುಪ್ಪಟಿಯನ್ನು ಬುಟ್ಟಿಗೆ ಹಾಕಿ ಅಂಗಳದ ತುದಿಗೆ ಬಂದು ನಿಂತಿದ್ದಳು. ಅವನು ಇಳಿಯುವ ಮುಂಚೆಯೇ ಕಿಟಕಿಗೆ ಬಂದು, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು.

"ಅದೇನು ಒಳಗೆ ಸುತ್ತಿಗೇಲಿ ಬಡಿದಂಗೆ ಆಗ್ತಾ ಐತೆ?"

"ಎಲ್ಲಿ?"

"ಇಂಜಿನ್ನಲ್ಲಿ. ಟಕ್ ಟಕ್ ಅಂತ. ಕೆಳಗಿನ ತಿರುವಿನಿಂದ್ಲೇ ಕೇಳಿಸ್ತು. ರಾನ್ಸಮನಿಗೆ ಕೇಳಿಸಲಿಲ್ವಾ? ಡೆಂಜಿಲನಿಗೆ?"

ಡೆಂಜಿಲನ ಅಂಗಳದಲ್ಲಿ ಆ ಇಬ್ಬರೂ ಏನು ಕಾಯುತ್ತಿದ್ದರೆಂದು ಅವನಿಗೆ ಆಗ ತಿಳಿಯಿತು.

ಗಾಡಿಯನ್ನು ಕೊಟ್ಟಿಗೆಗೆ ತಂದು ಬಾಗಿಲು ಹಾಕಿದ. ಕೋಲು ಇಂಜಿನ್ನಿಗೆ ಒತ್ತಿ ಹಲ್ಲಿನಲ್ಲಿ ಕಚ್ಚಿದ. ಬಂತು. ಸಣ್ಣದಲ್ಲ, ದವಡೆಯ ಮೂಳೆಗೇ ಗುದ್ದಿದಂತೆ ಬಂತು. ಯಾವ ಸಿಲಿಂಡರೆಂದು ತಿಳಿಯಲು ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಹಾಕತೊಡಗಿದ. ಕೆಟ್ಟ ಸಿಲಿಂಡರಿನ ಕಿಡಿ ನಿಂತರೆ ಅದರ ಮೇಲಿನ ಒತ್ತಡ ತಗ್ಗಿ ಬಡಿತವೂ ತಗ್ಗುತ್ತದೆ. ಒಂದನೆಯದು ಕಿತ್ತ, ಇಂಜಿನ್ ತಡವರಿಸಿತು, ಬಡಿತ ಹಾಗೇ ಇತ್ತು. ಎರಡು, ಮೂರು, ನಾಲ್ಕು. ಐದನೆಯದನ್ನು ಕಿತ್ತಾಗ ಹಲ್ಲು ಸುಮ್ಮನಾಯಿತು.

ಎದುರಿಗೆ ನಿಂತ ಲುವೀನಾ ಕೈ ಎತ್ತಿದಳು. "ನಿಂತೋಯ್ತು."

ಆರನೆಯದು ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದ.

ಆಯಿಲನ್ನು ಅವಳ ಹಳೆ ದಿಂಬಿನ ಚೀಲದಲ್ಲಿ ಸೋಸಿದರು. ಬಟ್ಟೆಯ ಮೇಲೆ ತಾಮ್ರದ ಹುಡಿ ಉಳಿದು, ಬಿಸಿಲಿಗೆ ಹಿಡಿದರೆ ಫಳಫಳ ಹೊಳೆಯಿತು. ನೋಡಲು ಚೆಂದವಾಗಿಯೇ ಇತ್ತು. ಮಾರನೆಯ ದಿನ ಗಾಡಿಯ ಕೆಳಗೆ ಮಲಗಿ ಆಯಿಲ್ ತೊಟ್ಟಿ ಬಿಚ್ಚಿದ. ಐದನೆಯ ಪಿಸ್ಟನ್ನಿನ ರಾಡಿನ ಬುಡದಲ್ಲಿ ಬೇರಿಂಗೆಂಬುದು ಕಾಗದದಷ್ಟು ತೆಳುವಾಗಿ ಸವೆದು ತಿರುಚಿಕೊಂಡಿತ್ತು. ಅದು ಕೂರುವ ಕ್ರ್ಯಾಂಕ್ ದಂಡದ ಮೇಲೆ ಉಗುರು ಎಳೆದ. ಉಗುರು ಗೀರುಗಳಲ್ಲಿ ಸಿಕ್ಕಿಕೊಂಡಿತು. ಬೇರಿಂಗಾದರೆ ಹೊಸದು ಸಿಗುತ್ತದೆ. ಆದರೆ ಗೀರು ಬಿದ್ದ ಕ್ರ್ಯಾಂಕಿನ ಮೇಲೆ ಹೊಸ ಬೇರಿಂಗು ಒಂದು ವಾರವೂ ನಿಲ್ಲದು. ಅದನ್ನು ಯಂತ್ರದಲ್ಲಿ ಅರೆದು ನುಣುಪು ಮಾಡಬೇಕು. ಊರಿನಲ್ಲಿ ಆ ಕೆಲಸ ಮಾಡುತ್ತಿದ್ದ ಅಂಗಡಿ ಗಣಿಗಳ ಜೊತೆಗೇ ಮುಚ್ಚಿಹೋಗಿದೆ. ದೂರದ ಪಟ್ಟಣದಲ್ಲಿ ಮಾಡಿಸುವುದಕ್ಕೆ ಗಾಡಿಯ ಬೆಲೆಗಿಂತ ಹೆಚ್ಚು ಬೇಕು. ಹಿಟ್ಟಿನ ಡಬ್ಬಿಯಲ್ಲಿ ಈಗ ಹಿಟ್ಟೇ ಇರುವುದು.

ಕೆಳಗೆ ಮಲಗಿದ್ದವನು ಸುಮಾರು ಹೊತ್ತು ಏಳಲಿಲ್ಲ. ಲುವೀನಾ ಅವನ ಬೂಟನ್ನು ಕಾಲಿನಿಂದ ತಟ್ಟಿದಳು. ಹೊರಗೆ ತೆವಳಿ ಬಂದಾಗ ಅವನ ಕೈಯಲ್ಲಿ ಅವನ ಬೆಲ್ಟಿತ್ತು.

"ಬೇಡ," ಎಂದಳು.

"ನಮ್ಮಪ್ಪ ಹನ್ನೆರಡು ಮೈಲಿ ಬಂದ."

"ನಿಮ್ಮಪ್ಪ ಒಂದು ಸಲ ಬಂದ. ಅದೂ ಮನೆಗೆ. ನೀನು ದಿನಾ ನೀರು ಹೊರಬೇಕು. ಡೆಂಜಿಲ್ ಹತ್ರ ಹೋಗಿ ಹೇಳು. ಅವನು ಒಳ್ಳೇ ಹುಡುಗ, ವಾಪಸ್ ತಗೋತಾನೆ."

"ಏನಂತ ಹೇಳ್ಲಿ? ನನಗೆ ಕೇಳಿಸಲಿಲ್ಲ ಅಂತಲಾ?"

ಅವಳು ಅಡಿಗೆಮನೆಗೆ ಹೋಗಿ ಚರ್ಮ ಕತ್ತರಿಸುವ ಚಾಕು ತಂದು ಕೊಟ್ಟಳು.

ಅಪ್ಪನ ಕಾಲದ ಇಂಜಿನ್ನಿನಲ್ಲಿ ಆಯಿಲ್ ಎರಚಿ ಬೀಳುತ್ತಿತ್ತು, ಚರ್ಮ ನೆನೆದುಕೊಂಡೇ ಇರುತ್ತಿತ್ತು. ಈ ಇಂಜಿನ್ನಿನಲ್ಲಿ ಆಯಿಲು ಸಣ್ಣ ತೂತಿನಿಂದ ಬರಬೇಕು, ಚರ್ಮ ಸುತ್ತಿದರೆ ಆ ತೂತೇ ಮುಚ್ಚುತ್ತದೆ. ಹೋಬರ್ಟನಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೇರೆಯವರ ಗಾಡಿಯಾಗಿದ್ದರೆ ಬೈದು ಬಿಡಿಸುತ್ತಿದ್ದ. ಚರ್ಮಕ್ಕೆ ನಡುವೆ ಸಣ್ಣದೊಂದು ತೂತು ಕೊರೆದು, ಹಂದಿ ಕೊಬ್ಬಿನಲ್ಲಿ ಒಂದಿಡೀ ದಿನ ನೆನೆಸಿ, ಸುತ್ತಿ ಬಿಗಿದ. ಪ್ಯಾಂಟಿಗೆ ಹಗ್ಗ ಕಟ್ಟಿಕೊಂಡ.

ಮೊದಲ ದಿನ ಊರಿಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು, ನಡೆದು ಬರುವವನಷ್ಟೇ ವೇಗದಲ್ಲಿ ಮನೆ ಮುಟ್ಟಿದ. ಲುವೀನಾ ತಿರುವಿನ ತನಕ ಬಂದು ಕಿವಿಗೊಟ್ಟಿದ್ದಳು. "ಬಡಿತ ಇಲ್ಲ," ಎಂದಳು. ಅಂದು ಬೀನ್ಸ್ ಬೇಯಿಸಿದ್ದು, ಮೆಕ್ಕೆಜೋಳದ ರೊಟ್ಟಿ ಸುಟ್ಟದ್ದು, ಆಮೇಲೆ ಪಾತ್ರೆ ತೊಳೆದದ್ದು, ಎಲ್ಲ ಅವನೇ ತಂದ ನೀರಿನಲ್ಲಿ. ಎರಡು ಲೋಟ ಕಾಫಿ ಕುಡಿದ. ಮತ್ತೆರಡು ಟ್ಯಾಂಕೂ ಬಂದವು. ಮೂರನೆಯದು ತಂದಾಗ ಅವಳು "ಬಡಿತ ಇಲ್ಲ" ಎನ್ನಲಿಲ್ಲ. ಅವನೂ ಅವಳ ತುಟಿಯ ಕಡೆ ನೋಡಲಿಲ್ಲ.

ನಾಲ್ಕನೆಯ ಟ್ಯಾಂಕು ತುಂಬಿಕೊಂಡು ದೊಡ್ಡ ಏರಿನ ಅರ್ಧಕ್ಕೆ ಬಂದಾಗ ಪಾದದ ಅಡಿಯಲ್ಲಿ ಹೇಸರಗತ್ತೆ ಒದ್ದಂತಾಯಿತು. ಗಾಡಿ ನಿಂತಿತು. ಇಳಿದು ನೋಡಿದರೆ ರಸ್ತೆಯ ಮೇಲೆ ಕಪ್ಪು ಆಯಿಲು ಹರಿಯುತ್ತಿತ್ತು. ಐದನೆಯ ರಾಡು ಕಿತ್ತು, ಇಂಜಿನ್ನಿನ ಎರಕದ ಗೋಡೆಯನ್ನೇ ಒಡೆದು ಹೊರಗೆ ಇಣುಕಿತ್ತು. ಮುಷ್ಟಿ ಹಿಡಿಸುವಷ್ಟು ಕಿಂಡಿ. ಸಾಯುವಾಗ ಅದು ಎಷ್ಟು ಕೂಗಿತೋ, ಹತ್ತಿರವೇ ಕೂತಿದ್ದವನಿಗೆ ತಿಳಿಯಲಿಲ್ಲ.

ಏರಿನಲ್ಲಿ ನಿಂತ ಗಾಡಿ ಬೇರೆಯವರ ದಾರಿಗೆ ಅಡ್ಡ. ನೀರಿನ ಭಾರ ಇಳಿಸದೆ ಅದನ್ನು ಅಂಚಿಗೆ ಜಾರಿಸುವ ಹಾಗಿರಲಿಲ್ಲ. ಎರಡು ಕ್ಯಾನು ತುಂಬಿಕೊಂಡು, ಟ್ಯಾಂಕಿನ ನಲ್ಲಿ ಪೂರ್ತಿ ತಿರುಗಿಸಿದ. ಒಂಬತ್ತು ಮೈಲಿಯಿಂದ ಹೊತ್ತು ತಂದ ನೀರು ಆಯಿಲನ್ನೂ ಎಳೆದುಕೊಂಡು ಇಳಿಜಾರಿನಲ್ಲಿ ಹರಿದುಹೋಗುವುದನ್ನು, ಕೊನೆಯ ತೊಟ್ಟಿನ ತನಕ ನಿಂತು ನೋಡಿದ. ಬ್ರೇಕು ಸಡಿಲಿಸಿ ಗಾಡಿಯನ್ನು ಹಿಂದಕ್ಕೆ ಜಾರಿಸಿ ಪೊದೆಗೆ ಒರಗಿಸಿದ. ಎರಡು ಕ್ಯಾನು ಹಿಡಿದು ಮೂರು ಮೈಲಿ ನಡೆದ.

ಎರಡು ದಿನದ ಮೇಲೆ ರಾನ್ಸಮನ ಗಾಡಿ ಅಂಗಳಕ್ಕೆ ಬಂತು. ಹಿಂದೆ ನೀಲಿ ಡ್ರಮ್ಮುಗಳಲ್ಲಿ ನೀರು, ಮುಂದೆ ರಾನ್ಸಮ್, ಪಕ್ಕದಲ್ಲಿ ಡೆಂಜಿಲ್. ಹೋಬರ್ಟ್ ಜಗುಲಿಯ ಕುರ್ಚಿಯಲ್ಲಿದ್ದ, ಕೋಲು ತೊಡೆಯ ಮೇಲೆ. ಲುವೀನಾ ಹೊರಗೆ ಬಂದು, ಬಂದವರ ಬೆನ್ನಿಗೆ ಸರಿಯಾಗಿ, ಅವನಿಗೆ ಕಾಣುವಂತೆ ನಿಂತಳು.

ಡೆಂಜಿಲ್ ಟೊಪ್ಪಿ ತೆಗೆದ. "ಹೋಬರ್ಟ್ ಮಾಮ, ಏರಿನಲ್ಲಿ ಗಾಡಿ ನೋಡ್ದೆ. ಎರಡು ದಿನದಿಂದ ನಿದ್ದೆ ಇಲ್ಲ ನನಗೆ. ಅದು ಬಡೀತಿದ್ದದ್ದು ನನಗೆ ಗೊತ್ತಿತ್ತು. ನೀವು ಹೇಳ್ತೀರಿ, ನಾನೂರಕ್ಕೆ ಇಳಿಸ್ತೀರಿ, ಕೊಡೋಣ ಅಂದ್ಕೊಂಡೇ ಒಂಬೈನೂರು ಅಂದಿದ್ದು. ನೀವು ತುಟಿ ಎರಡು ಮಾಡಲಿಲ್ಲ."

"ನಾನೂ ಕೇಳಿಸ್ಕೊಂಡೆ ಕಣಣ್ಣ," ಎಂದ ರಾನ್ಸಮ್. "ನಾಲಿಗೆ ತುದೀಗೆ ಬಂದಿತ್ತು. ಹೋಬರ್ಟಣ್ಣನೇ ಸುಮ್ಮನಿದ್ದಾನೆ, ನಂದೇನು ಅಧಿಕಪ್ರಸಂಗ, ನಮ್ಮ ಕಿವೀಗೆ ತಿಳೀದೇ ಇರೋದು ಏನೋ ಇರಬೇಕು ಅಂದ್ಕೊಂಡೆ."

"ನಾನು ಮನೇಲಿ ಹೆಂಡ್ತಿಗೆ ಅದನ್ನೇ ಹೇಳ್ದೆ," ಎಂದ ಡೆಂಜಿಲ್. "ಹೋಬರ್ಟ್ ಮಾಮ ಏನೂ ಅನ್ನಲಿಲ್ಲ, ಅಂದ್ರೆ ಆ ಸದ್ದು ಏನೂ ಅಲ್ಲ ಕಣೇ ಅಂತ. ಈಗ ನೋಡಿದ್ರೆ ಹಿಂಗಾಗೈತೆ." ಜೇಬಿನಿಂದ ದುಡ್ಡಿನ ಲಕೋಟೆ ತೆಗೆದ. "ಇದು ನಿಮ್ಮದು. ನನ್ನ ಕೊಟ್ಟಿಗೇಲಿ ಅದೇ ಥರದ್ದು ಇನ್ನೊಂದು ಇಂಜಿನ್ ಬಿದ್ದೈತೆ, ನಾಳೆ ತಂದು ಕೂರಿಸೋಣ, ಮೂರೂ ಜನ ಸೇರಿ. ನಿಮಗೆ ಅವತ್ತು ಕೇಳಿಸಿರಲಿಲ್ಲ ಅಂದ್ರೆ ಅದರಲ್ಲಿ ಏನೈತೆ ಮಾಮ? ವಯಸ್ಸಾದ್ಮೇಲೆ ಎಲ್ಲರಿಗೂ..."

"ಅದು ಬಿಡೋ," ಎಂದು ರಾನ್ಸಮ್ ಅವನ ತೋಳು ಹಿಡಿದ. "ಅಣ್ಣ, ಶನಿವಾರ ನನ್ನ ಮಗಳಿಗೊಂದು ಗಾಡಿ ನೋಡೋಕೆ ಹೋಗ್ತಿದ್ದೀನಿ. ನೀನು ಬಂದು ಕೇಳ್ಬೇಕು. ಆಮೇಲೆ ಇಂಜಿನ್ ಕೂರಿಸೋಣ. ಈಗ ಡ್ರಮ್ ಇಳಿಸ್ತೀನಿ."

ಅವರ ಬೆನ್ನ ಹಿಂದೆ ಲುವೀನಾ ಈ ಮಾತುಗಳನ್ನೆಲ್ಲ ತುಟಿಯಲ್ಲಿ ಆಡಿ ತೋರಿಸಿದ್ದಳು. ಕೊನೆಗೆ ತನ್ನದೇ ಒಂದು ಮಾತು ಸೇರಿಸಿದಳು: ಹೇಳಿಬಿಡು.

ಹೋಬರ್ಟ್ ಎದ್ದು ನಿಂತ. ಪ್ಯಾಂಟಿಗೆ ಕಟ್ಟಿದ್ದ ಹಗ್ಗವನ್ನು ಬಿಗಿದುಕೊಂಡ.

"ಕೇಳಿಸ್ತು ಕಣೋ ಡೆಂಜಿಲ್. ನಿನ್ನ ಅಂಗಳದಲ್ಲೇ ಕೇಳಿಸ್ತು. ಐದನೇದು ಅಂತಲೂ ಗೊತ್ತಾಯ್ತು. ಗೊತ್ತಿದ್ದೇ ತಗೊಂಡೆ, ನನ್ನ ದುಡ್ಡು, ನನ್ನ ಇಷ್ಟ. ಆ ಲಕೋಟೆ ಒಳಗೆ ಇಟ್ಕೋ, ನಿನ್ನ ಇಂಜಿನ್ನು ನಿನ್ನ ಕೊಟ್ಟಿಗೇಲೇ ಇರಲಿ. ರಾನ್ಸಮ್, ಡ್ರಮ್ ಮುಟ್ಟಬೇಡ. ಶನಿವಾರಕ್ಕೆ ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು, ಇನ್ಮೇಲೆ ನಾನು ಯಾರ ಗಾಡೀನೂ ಕೇಳೋದಿಲ್ಲ. ಲುವೀನಾ, ಆ ಎರಡು ಕ್ಯಾನು ಇತ್ತ ಕೊಡು. ನಮ್ಮನೆ ನೀರು ನಾನು ತರ್ತೀನಿ. ಹೋಗ್ರಪ್ಪಾ, ಬಿಸಿಲು ಏರೋದರೊಳಗೆ ಮನೆ ಸೇರ್ಕೊಳ್ಳಿ."